ಪಾತಾಳಗರಡಿ ಇಳಿಸುವ ಮೊದಲು

ವಳಸಂಗ
3 ಜುಲೈ 2024

ಪ್ರಾಜಕ್ತಾ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ ತಗೋ. ಅಪ್ಪನನ್ನು ಹೆತ್ತವಳು ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಇಪ್ಪತ್ತು ದಿನ ಕೇಳದ ನಿನಗೆ ಜನರ ತಲೆಯೊಳಗೆ ಇಣುಕಲು ಪರವಾನಗಿ ಕೊಟ್ಟವರು ಯಾರು? ಫೋನು ಹಚ್ಚಿದರೆ "ಅಜ್ಜಿ, ಕೇಸಿನಾಗ ಅದೀನಿ" ಎಂದು ಇಟ್ಟುಬಿಡುತ್ತಿ. ನಮ್ಮ ಓಣಿಯ ಎಮ್ಮೆ ನಿನಗಿಂತ ವಾಸಿ, ಕರೆದರೆ ತಿರುಗಿಯಾದರೂ ನೋಡುತ್ತದೆ. ಅದಕ್ಕೇ ಕಾಗದ. ಫೋನಿನಲ್ಲಿ ಸುಳ್ಳು ಸಲೀಸು. ಬರೆಯಲು ಕೂತರೆ ಸುಳ್ಳಿಗೂ ಅಕ್ಷರ ಹುಡುಕಬೇಕಾಗುತ್ತದೆ. ಮರಾಠಿ ಸಾಲಿಗೆ ಹೋದ ನಿನಗೆ ಹಾಸುಗಲ್ಲಿನ ಮೇಲೆ ಇದ್ದಿಲು ಹಿಡಿಸಿ ಕನ್ನಡ ಕಲಿಸಿದವಳು ನಾನು, ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು. ಓದಲು ಬರುವುದಿಲ್ಲ ಎಂಬ ನೆವ ನಡೆಯುವುದಿಲ್ಲ.

ಇನ್ನು ವಿಷಯ. ನನ್ನ ನೆಗೆಣ್ಣಿ ಸಕ್ಕುಬಾಯಿ, ಅಂದರೆ ನಿನ್ನ ಸಣ್ಣಜ್ಜಿ, ಹೋದ ತಿಂಗಳು ತಲೆ ಹಿಡಿದುಕೊಂಡು ಬಿದ್ದಾಗ ಅವಳ ಮಗ ಸಿದ್ಧರಾಮ ಸೋಲಾಪುರದಲ್ಲಿ ನಿನ್ನ ದವಾಖಾನೆಗೇ ಒಯ್ದ. ತಲೆಯೊಳಗಿನ ರಕ್ತನಾಳ ಗುಳ್ಳೆಯ ಹಾಗೆ ಉಬ್ಬಿದೆ ಎಂದಿರಿ. ಅವಳ ತಲೆ ಉಬ್ಬಿದ್ದನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೆ ಯಂತ್ರ ಬೇಕಿರಲಿಲ್ಲ. ಬುರುಡೆ ಕೊರೆಯುವುದಿಲ್ಲ, ತೊಡೆಯ ನಾಳದಿಂದ ಕೂದಲಿಗಿಂತ ಸಣ್ಣ ತಂತಿ ಏರಿಸಿ ಗುಳ್ಳೆಯೊಳಗೆ ನೂಲಿನ ಉಂಡೆಯಂತೆ ಸುತ್ತಿ ತುಂಬುತ್ತೇವೆ, ಅದಕ್ಕೆ ಕಾಯಿಲ್ ಎನ್ನುತ್ತಾರೆ, ಒಂದೂವರೆ ತಾಸಿನ ಕೆಲಸ ಎಂದು ನೀನೇ ಹೇಳಿದೆ.

ಆದದ್ದು ನಾಲ್ಕೂವರೆ ತಾಸು. ಎರಡು ಮನೆಗಳಿಗೆ ಮಾತಿಲ್ಲದಿದ್ದರೂ ನಾನು ಆ ಕಬ್ಬಿಣದ ಬಾಕಿನ ಮೇಲೆ ಕೂತಿದ್ದೆ. ಮಾತು ಬಿಟ್ಟರೂ ಸೂತಕ ಇಬ್ಬರಿಗೂ ಒಂದೇ ನೋಡು. ಮೂರನೇ ತಾಸಿಗೆ ಒಬ್ಬ ನರ್ಸ್ ಓಡಿ ಬಂದು ಫೋನಿನಲ್ಲಿ "ಕಾಯಿಲ್ ನಿಸಟಲೀ, ಸರಾಂನಾ ಲವಕರ ಪಾಠವಾ" ಎಂದಳು. ಕಾಯಿಲ್ ಜಾರಿದೆ, ಸರ್ ಅವರನ್ನು, ಅಂದರೆ ನಿನ್ನ ದೊಡ್ಡ ಡಾಕ್ಟರನ್ನು, ಬೇಗ ಕಳಿಸಿ ಎಂದು. ಸೋಲಾಪುರದಲ್ಲಿ ಮರಾಠಿ ನಿನಗೊಬ್ಬಳಿಗೇ ಬರುತ್ತದೆ ಎಂದುಕೊಂಡಿದ್ದೀಯಾ? ಸಿದ್ಧರಾಮ ಆಗ ಚಹಾ ಕುಡಿಯಲು ಹೋಗಿದ್ದ. ಬಾಳಿನ ಮುಖ್ಯ ಹೊತ್ತುಗಳಲ್ಲೆಲ್ಲ ಅವನು ಚಹಾ ಕುಡಿಯಲು ಹೋಗಿರುತ್ತಾನೆ.

ಕೊನೆಗೆ ನೀನು ಹೊರಗೆ ಬಂದೆ. "ಎಲ್ಲಾ ಛಲೋ ಆಗ್ಯದ ಕಾಕಾ" ಎಂದೆ. ಅವನು ಕೈ ಮುಗಿದ. ಬಿಳಿ ಅಂಗಿ ಕಂಡರೆ ಅವನು ಕುಲ್ಫಿ ಮಾರುವವನಿಗೂ ಕೈ ಮುಗಿಯುತ್ತಾನೆ. ನೀನು ನನ್ನ ಕೈಯಿಂದ ಹಿತ್ತಾಳೆ ತಂಬಿಗೆ ಕಸಿದು ಗಟಗಟ ನೀರು ಕುಡಿದೆ. ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದೆ. ಅದು ಹತ್ತನೇ ವರ್ಷದಿಂದ ನಿನಗಿರುವ ಚಟ. ಯಾವಾಗ ಮುಚ್ಚುತ್ತಿ ಎಂಬುದೂ ನನಗೆ ಗೊತ್ತು.

ಒಳಗೆ ಏನು ಬಿತ್ತು? ಯಾರ ಕೈಯಿಂದ ಬಿತ್ತು? ಬರಿ.

ಗಂಗುಬಾಯಿ


ಸೋಲಾಪುರ
14 ಜುಲೈ 2024

ಅಜ್ಜಿ, ನಮಸ್ಕಾರ.

ನಿನ್ನ ಪತ್ರ ಬಂತು. ಕನ್ನಡ ಬರೆದು ಬಹಳ ವರ್ಷವಾಯಿತು, ತಪ್ಪಿದ್ದರೆ ಬೈಯಬೇಡ. ಸಣ್ಣಜ್ಜಿಯ ಕೆಲಸ ಚೆನ್ನಾಗಿ ಆಗಿದೆ. ಗುಳ್ಳೆ ಪೂರ್ತಿ ಮುಚ್ಚಿದೆ, ಫೋಟೋ ಚೆನ್ನಾಗಿ ಬಂದಿದೆ. ಸರ್ ಕೂಡ ಚೆನ್ನಾಗಿದೆ ಎಂದರು. ಒಳಗೆ ಸ್ವಲ್ಪ ಹೊತ್ತಾಗುತ್ತದೆ, ಅದು ಮಾಮೂಲು. ನರ್ಸ್‌ಗಳು ಸಣ್ಣದಕ್ಕೂ ಗಾಬರಿಯಾಗುತ್ತಾರೆ. ಸಣ್ಣಜ್ಜಿ ಚೆನ್ನಾಗಿದ್ದಾರೆ, ಗುಳಿಗೆ ಚೆನ್ನಾಗಿ ತಗೊಳ್ಳಲಿ. ಸೆಪ್ಟೆಂಬರಿನಲ್ಲಿ ಒಮ್ಮೆ ನಾಳದ ಫೋಟೋ ತೆಗೆಯಬೇಕು, ಆಗ ಕರೆದುಕೊಂಡು ಬರಲಿ.

ನೀನು ಚಿಂತೆ ಮಾಡಬೇಡ. ಬಿಪಿ ಗುಳಿಗೆ ತಪ್ಪಿಸಬೇಡ.

ನಿನ್ನ ಪ್ರಾಜಕ್ತಾ


ವಳಸಂಗ
18 ಜುಲೈ 2024

ಡಾಕ್ಟರ್ ಬಾಯಿಯವರಿಗೆ,

ಅಂಗೈಯಗಲದ ಕಾಗದದಲ್ಲಿ ಐದು ಸಲ "ಚೆನ್ನಾಗಿ" ಎಂದು ಬರೆದಿದ್ದೀ. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆನೇನೋ. ಹುಳ ಬಿದ್ದ ಜೋಳ ಮಾರುವವನು ಚೀಲದ ಮೇಲೆ ಹೀಗೇ ತಟ್ಟಿ ತಟ್ಟಿ ತೋರಿಸುತ್ತಾನೆ. ನಾನು ಕೇಳಿದ್ದು ಎರಡು ಮಾತು. ಎರಡಕ್ಕೂ ಉತ್ತರವಿಲ್ಲ, ಬದಲಿಗೆ ನನ್ನ ಬಿಪಿ ವಿಚಾರ.

ನಿನಗೆ ಮರೆತಿರಬಹುದು, ನಮ್ಮದು ಪಾತಾಳಗರಡಿ ಇರುವ ಮನೆ. ಸುತ್ತಲೂ ಕೊಕ್ಕೆ ಜೋತುಬಿದ್ದ ಆ ಕಬ್ಬಿಣದ ಬಳೆ ಈಗಲೂ ಅಟ್ಟದ ಮೇಲಿದೆ. ಯಾರ ಕೊಡ ಬಾವಿಗೆ ಬಿದ್ದರೂ ಊರವರು ನಮ್ಮ ಬಾಗಿಲಿಗೇ ಬರಬೇಕಿತ್ತು. ನಮ್ಮ ಮಾವ ಎರಡು ಕಟ್ಟಳೆ ಇಟ್ಟಿದ್ದರು. ಒಂದು, ಕೇಳಲು ಬಂದವರು ತಮ್ಮ ಮನೆಯದೊಂದು ತಂಬಿಗೆ ಅಡವಿಟ್ಟು ಒಯ್ಯಬೇಕು. ಎರಡು, ಬಾವಿಯ ಕಟ್ಟೆಯ ಮೇಲೆ ನಿಂತು, ಏನು ಬಿತ್ತು, ಯಾರ ಕೈಯಿಂದ ಬಿತ್ತು, ಯಾವ ಮೂಲೆಗೆ ಬಿತ್ತು ಎಂದು ನಾಲ್ಕು ಜನರೆದುರು ಹೇಳಬೇಕು. ಹೇಳದವರಿಗೆ ಹಗ್ಗ ಬಿಚ್ಚುತ್ತಿರಲಿಲ್ಲ. ಇದು ಮಾನದ ಮಾತಲ್ಲ, ಕೆಲಸದ ಮಾತು. ಕೊಡವಾದರೆ ಕಂಠಕ್ಕೆ ಕೊಕ್ಕೆ ಹಾಕಬೇಕು, ಬಕೀಟಾದರೆ ಹಿಡಿಕೆಗೆ. ಏನು ಬಿದ್ದಿದೆ ಎಂದು ತಿಳಿಯದೆ ಗರಡಿ ತಿರುವಿದರೆ ಮೇಲಿದ್ದದ್ದೂ ಹೂಳಿಗೆ ಇಳಿಯುತ್ತದೆ.

ನಿನಗೆ ಹತ್ತು ವರ್ಷ. ಬೇಸಿಗೆ ಸೂಟಿ. ಸಕ್ಕುಬಾಯಿ ಅಕ್ಕಲಕೋಟದ ತವರಿನಿಂದ ತಂದ ತಾಮ್ರದ ಕೊಡ ಕಟ್ಟೆಯ ಮೇಲಿತ್ತು. ದೊಡ್ಡವಳ ಹಾಗೆ ನೀರು ಸೇದುತ್ತೇನೆಂದು ಹೋದೆ. ಗಂಟು ಸಡಿಲಿತ್ತು. ಕೊಡ ಹೋಯಿತು. ನೀನು ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಮುಚ್ಚಿಕೊಂಡು ಒಳಗೆ ಓಡಿಬಂದು ಚಾಪೆಯ ಮೇಲೆ ಮಲಗಿ ನಿದ್ದೆ ಬಂದವಳ ಹಾಗೆ ನಟಿಸಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ. ನಾನು ಕೊಟ್ಟಿಗೆಯಲ್ಲಿದ್ದೆ, ನೋಡಿದೆ. ಕೊಡ ಕೆಳಗಿದೆ ಎಂದು ಗೊತ್ತಿಲ್ಲದ ಸಕ್ಕುಬಾಯಿ ಮಾರನೆಯ ದಿನ ಬಕೀಟು ಇಳಿಸಿದಳು. ಅದು ಕೊಡಕ್ಕೆ ಸಿಕ್ಕಿಕೊಂಡಿತು, ಜಗ್ಗಿದಳು, ಹಗ್ಗ ಹರಿದು ಎರಡೂ ಹೋದವು. ಕೊಡ ಯಾರ ಕೈಯಿಂದ ಬಿತ್ತೆಂದು ಯಾರೂ ಒಪ್ಪಲಿಲ್ಲ, ಗರಡಿ ಇಳಿಯಲಿಲ್ಲ, ಜಗಳ ಎದ್ದಿತು, ಅಂಗಳದ ನಡುವೆ ಗೋಡೆ ಎದ್ದಿತು, ಇಪ್ಪತ್ತೊಂದು ವರ್ಷವಾಯಿತು.

ಆಗ ನಿನ್ನ ಮುಷ್ಟಿಯಲ್ಲಿ ಇದ್ದದ್ದೇ ಈಗಲೂ ಇದೆ. ಬಿಚ್ಚು.

ಗೋಡೆಯಾಚೆಯ ಸುದ್ದಿ ಕೇಳುತ್ತೀಯಾದರೆ, ನಿನ್ನ ಸಣ್ಣಜ್ಜಿ ಮಹಾರಾಣಿಯ ಹಾಗಿದ್ದಾಳೆ. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತದಂತೆ. ಅದಕ್ಕೊಂದು ರಾಗ. ಅಕ್ಕಲಕೋಟದಲ್ಲಿ ಯಾತ್ರೆಯವರಿಗೆ ತೆಂಗಿನಕಾಯಿ ಮಾರುವ ಅವಳ ತಮ್ಮ ಅಣ್ಣಾರಾಯ ಬಂದಿದ್ದ. ಕಾಯಿ ತಟ್ಟಿ ನೋಡುವವನು ಈಗ ನಾಡಿ ಹಿಡಿಯುತ್ತಾನೆ. "ಈ ಗುಳಿಗಿ ರಕ್ತ ತೆಳ್ಳಗ ಮಾಡತಾವ, ಬಿಡು" ಎಂದನಂತೆ. ನನಗೆ ನಗು ಬಂತು. ಅವಳ ರಕ್ತ ತೆಳ್ಳಗಾದರೆ ಊರಿಗೇ ಒಳ್ಳೆಯದು, ಸ್ವಲ್ಪ ಕಡಿಮೆ ಕುದಿಯುತ್ತದೆ.

ಗಂಗುಬಾಯಿ


ಸೋಲಾಪುರ
29 ಜುಲೈ 2024

ಅಜ್ಜಿ,

ಹತ್ತು ದಿನ ಈ ಪತ್ರ ಬರೆದು ಬರೆದು ಹರಿದಿದ್ದೇನೆ. ಗುಳಿಗೆ ಬಿಡಬಾರದು. ಇದನ್ನು ಮೊದಲು ಓದಿಕೋ. ಕಾಕಾಗೆ ಎರಡು ಸಲ ಫೋನ್ ಮಾಡಿ ಗುಳಿಗೆ ಮುಂದುವರಿಸಿ ಎಂದೆ. "ಹೂಂ ಹೂಂ" ಎಂದರು.

ಬಿದ್ದದ್ದು ನನ್ನ ಕೈಯಿಂದ. ನಾಲ್ಕು ಕಾಯಿಲ್ ಒಳಗೆ ಕೂತಿದ್ದವು. ಸರ್ "ಇಷ್ಟು ಸಾಕು" ಎಂದು ಹೇಳಿ ಹೊರಗೆ ಹೋದರು. ಪರದೆಯ ಮೇಲೆ ಒಂದು ಮೂಲೆ ಖಾಲಿ ಕಾಣುತ್ತಿತ್ತು. ಪೂರ್ತಿ ತುಂಬಿದರೆ ಚಂದ ಎಂದು ನಾನು ಐದನೆಯದು ತಳ್ಳಿದೆ. ಅದು ಗುಳ್ಳೆಯ ಬಾಯಿಂದ ಜಾರಿತು. ರಕ್ತದ ಜೊತೆ ಹರಿದು ಮುಂದಿನ ಕವಲಿನಲ್ಲಿ ಸಿಕ್ಕಿಕೊಂಡಿತು. ಬಲಗೈಗೂ ಮಾತಿಗೂ ಆ ಕವಲಿನಿಂದಲೇ ರಕ್ತ ಹೋಗುವುದು.

ಸರ್ ಬಂದರು. ಬೈಯಲಿಲ್ಲ. ತುದಿಯಲ್ಲಿ ಕುಣಿಕೆ ಇರುವ ಒಂದು ತಂತಿ ಇರುತ್ತದೆ, ಅದನ್ನು ನನ್ನ ಕೈಗೇ ಕೊಟ್ಟು ಪಕ್ಕದಲ್ಲಿ ನಿಂತರು. ಕುಣಿಕೆಯನ್ನು ಅದರ ಮುಂದಕ್ಕೆ ಒಯ್ದು, ಬಿಚ್ಚಿ, ಹಿಂದಕ್ಕೆ ಎಳೆಯುತ್ತ ಬಾಲ ಹಿಡಿಯಬೇಕು. ಜೋರು ಮಾಡಿದರೆ ನಾಳ ಹರಿಯುತ್ತದೆ. ನಾಲ್ಕು ಸಲ ಬರಿದೇ ಬಂತು. ಐದನೇ ಸಲ ಹಿಡಿಯಿತು. ಎಳೆಯುವಾಗ ಸುರುಳಿ ಬಿಚ್ಚಿ ನೂಲಿನ ಹಾಗೆ ಉದ್ದವಾಯಿತು. ಬಹುಪಾಲು ಹೊರಗೆ ಬಂತು. ಕೊನೆಯ ತುಂಡು ಕಡಿದು ಒಳಗೇ ಉಳಿಯಿತು. ಸ್ಟೆಂಟ್ ಎಂಬ ಸಣ್ಣ ಜಾಳಿಗೆ ಬಿಚ್ಚಿ ಅದನ್ನು ನಾಳದ ಗೋಡೆಗೆ ಒತ್ತಿಟ್ಟಿದ್ದೇವೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದೇ ಆ ಎರಡು ಗುಳಿಗೆ. ಬಿಟ್ಟರೆ ಕೈ ಹೋಗಬಹುದು, ಮಾತು ಹೋಗಬಹುದು, ಇನ್ನೂ ಹೆಚ್ಚೂ ಆಗಬಹುದು.

ಫೈಲಿನಲ್ಲಿ ಎಲ್ಲ ಬರೆದಿದೆ, ಇಂಗ್ಲಿಷಿನಲ್ಲಿ. ಮನೆಯವರಿಗೆ ನೀನೇ ಹೇಳು ಎಂದು ಸರ್ ನನಗೆ ಬಿಟ್ಟರು. ಕಾಕಾ "ಈ ಗುಳಿಗಿ ಯಾತಕ್ಕ?" ಎಂದಾಗ ನಾನು "ತಬಿಯತ್ತಿಗೆ ಛಲೋ" ಎಂದೆ. ನಮ್ಮ ಮನೆಯವಳು ಎಂದು ನಂಬಿ ಬಂದಿದ್ದರು. ಬಾಯಿ ಬರಲಿಲ್ಲ.

ಅಜ್ಜಿ, ನೀನು ಕೊಟ್ಟಿಗೆಯಿಂದ ನೋಡಿದ್ದೆ. ಇಪ್ಪತ್ತೊಂದು ವರ್ಷ ನೀನೂ ಸುಮ್ಮನಿದ್ದೆ. ಹಾಗಾದರೆ ನನಗೆ ಬಿಚ್ಚು ಎನ್ನುವುದು ಹೇಗೆ? ಈ ಪತ್ರ ಯಾರಿಗೂ ತೋರಿಸಬೇಡ. ಗುಳಿಗೆ ಮಾತ್ರ ನುಂಗಿಸು. ನಾನು ಒಂದರಿಂದ ಹದಿನೈದು ದಿನ ಪುಣೆಯಲ್ಲಿ ಟ್ರೇನಿಂಗಿನಲ್ಲಿರುತ್ತೇನೆ.

ಪ್ರಾಜಕ್ತಾ


ವಳಸಂಗ
11 ಆಗಸ್ಟ್ 2024

ಪ್ರಾಜಕ್ತಾ,

ನಿನ್ನ ಕಾಗದ ಒಂದನೇ ತಾರೀಖು ಮಧ್ಯಾಹ್ನ ಬಂತು. ಅಷ್ಟರಲ್ಲಿ ಗೋಡೆಯಾಚೆಯವರು ಗುಳಿಗೆ ಬಿಟ್ಟು ಎಂಟು ದಿನವಾಗಿತ್ತು. ಹತ್ತು ದಿನ ಬರೆದು ಹರಿದೆಯಂತೆ. ಇಪ್ಪತ್ತು ಕಿಲೋಮೀಟರು ದೂರದಲ್ಲಿ ಕೂತು ಕಾಗದ ಹರಿಯುವ ಬದಲು ಅಕ್ಕಲಕೋಟದ ಎಸ್‌ಟಿ ಹತ್ತಿದ್ದರೆ ಮುಕ್ಕಾಲು ತಾಸಿಗೆ ಬಂದು ಇಳಿಯುತ್ತಿದ್ದೆ. ದೊಡ್ಡ ಓದು ಓದಿದವರಿಗೆ ಬಸ್ಸು ಕಾಣುವುದಿಲ್ಲ.

ನಾನು ಗೋಡೆ ಸುತ್ತಿ ಹೋದೆ, ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ. ಸಕ್ಕುಬಾಯಿ ಹೊರಸಿನ ಮೇಲೆ ಕೂತು ನನ್ನನ್ನು ಬೀದಿನಾಯಿ ಬಂದ ಹಾಗೆ ನೋಡಿದಳು. ಗುಳಿಗೆ ಬಿಡಬೇಡಿ ಎಂದೆ. ಸಿದ್ಧರಾಮನ ಹೆಂಡತಿ ಪೂನಮ ಒಳಗಿನಿಂದ ಬಂದಳು. ಗುಳಿಗೆಯ ಡಬ್ಬಿ ಅವಳ ಕೈಯಲ್ಲೇ ಇರುವುದು. ಕೂಗಲಿಲ್ಲ, ಸೆರಗು ಸರಿಮಾಡಿಕೊಂಡು ಹೇಳಿದಳು, "ನಿಮ್ಮ ಮಾತು ಒಮ್ಮೆ ಕೇಳೀವ್ರಿ ದೊಡ್ಡವ್ವ. ಸಾಕು."

ಅವಳು ಯಾಕೆ ಹಾಗೆಂದಳು ಎಂದು ನಿನಗೆ ಗೊತ್ತಿಲ್ಲ. ನಾನು ಸುಮ್ಮನಿದ್ದೆ ಎಂದು ಬರೆದಿದ್ದೀ. ಸುಮ್ಮನಿದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ಬಕೀಟೂ ಹೋದ ದಿನ ಸಕ್ಕುಬಾಯಿ ಗರಡಿ ಕೇಳಲು ಬಂದಾಗ, ಅವಳ ಸೊಸೆಯೇ ಹಿಂದಿನ ದಿನ ಕೊಡ ತಗೊಂಡು ಬಾವಿಗೆ ಹೋದದ್ದು ನೋಡಿದೆ ಎಂದು ನಾನೇ ಹೇಳಿದ್ದು. ಪೂನಮ ಅಫ್ಜಲಪುರದಿಂದ ಲಗ್ನವಾಗಿ ಬಂದು ಎರಡು ತಿಂಗಳಾಗಿತ್ತು. ಕೈಯಲ್ಲಿ ಹಸಿರು ಬಳೆ ಇನ್ನೂ ಇದ್ದವು. ಅತ್ತೆಯ ತವರಿನ ಕೊಡ ಕಳೆದ ಸೊಸೆ ಎಂದು ಅವಳನ್ನು ಹದಿನೈದು ದಿನ ಹೊರಗಿನ ಕಟ್ಟೆಯ ಮೇಲೆ ಉಣ್ಣಿಸಿದರು. ನಾನು ಇತ್ತಕಡೆ ನಿನಗೆ ಶೇಂಗಾ ಹೋಳಿಗೆ ತಿನ್ನಿಸುತ್ತಿದ್ದೆ. ನಿನ್ನ ಅಜ್ಜಿ ಇಂಥ ಮುದುಕಿ. ನಿನ್ನ ಸುಳ್ಳು ನನಗೆ ತಟ್ಟನೆ ಗುರುತು ಸಿಕ್ಕದ್ದು ಜಾಣತನದಿಂದಲ್ಲ, ಅದು ನಮ್ಮ ಮನೆಯದೇ ಬೀಜ.

ಆ ದಿನ ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಸಕ್ಕುಬಾಯಿ ಒಲೆಯ ಮುಂದೆ ಜೋಳದ ಭಕ್ಕರಿ ಬಡಿಯುತ್ತಿದ್ದಳು, ನನ್ನನ್ನು ಕಂಡು ಜೋರಾಗಿ ಬಡಿದಳು. ಬಡಿಯುತ್ತಿದ್ದ ಬಲಗೈ ಹಾಗೇ ನಿಂತಿತು. ಭಕ್ಕರಿ ಜಾರಿ ಬೂದಿಗೆ ಬಿತ್ತು. ಬಾಯಿ ಒಂದು ಕಡೆ ಇಳಿಯಿತು, ಏನೋ ಅನ್ನಲು ಹೋದಳು, ಬರೀ ಉಸಿರು ಬಂತು. ನನ್ನನ್ನು ಬೈಯಲೆಂದೇ ಇರಬೇಕು, ಅದೂ ಆಗಲಿಲ್ಲ. ಸಿದ್ಧರಾಮ ಅಶಕ್ತತನ ಎಂದ. ಲಿಂಬೆಹಣ್ಣು ಹುಡುಕತೊಡಗಿದ. ಗಾಡಿ ತೆಗಿ, ಸೋಲಾಪುರಕ್ಕೆ ನಡಿ ಎಂದರೆ ಅವನು ನನ್ನ ಮುಖ ನೋಡದೆ ಪೂನಮಳ ಮುಖ ನೋಡಿದ. ಅವಳು ತುಟಿ ಬಿಗಿದು ನಿಂತಿದ್ದಳು. ನಿನ್ನ ಫೋನು ಹಚ್ಚಿದರೆ ಬಂದಾಗಿತ್ತು.

ಆಗ ಹೇಳಿದೆ. ಇಪ್ಪತ್ತೊಂದು ವರ್ಷದ ಮಾತಿಗೆ ಎರಡು ಉಸಿರೂ ಹಿಡಿಯಲಿಲ್ಲ.

"ಪೂನಮ, ಆ ಕೊಡ ನೀ ಬೀಳಿಸಿದ್ದಲ್ಲ. ಪ್ರಾಜಕ್ತಾ ಬೀಳಿಸಿದ್ಲು. ನಾ ಕಣ್ಣಾರೆ ನೋಡಿ ನಿನ್ನ ಹೆಸರು ಹೇಳಿದೆ."

ಒಲೆಯ ಮೇಲಿನ ಹಂಚು ಹೊಗೆಯಾಡುತ್ತಿತ್ತು, ಯಾರೂ ಇಳಿಸಲಿಲ್ಲ. ಪೂನಮ ನನ್ನನ್ನೇ ನೋಡಿದಳು. ಗಂಡನ ಕಡೆ ತಿರುಗಿ ಹೇಳಿದಳು, "ಇಷ್ಟು ವರ್ಷ ನುಂಗಿದ್ದು ಈಗ ಕಕ್ಕತಾಳಂದ್ರ ಗುಳಿಗಿ ಮಾತೂ ಖರೆನೇ ಇರ್ತದ. ಗಾಡಿ ತಗೀರಿ."

ಕುಂಭಾರಿ ದಾಟುವುದರೊಳಗೆ ಸಕ್ಕುಬಾಯಿಯ ಬೆರಳು ಆಡತೊಡಗಿದವು. ದವಾಖಾನೆಯಲ್ಲಿ ಫೋಟೋ ತೆಗೆದು, ಸರಿಯಾದ ಹೊತ್ತಿಗೆ ಬಂದಿದ್ದೀರಿ, ಇನ್ನೊಂದು ದಿನ ತಡವಾಗಿದ್ದರೆ ಕೈ ಉಳಿಯುತ್ತಿತ್ತೋ ಇಲ್ಲವೋ ಎಂದರು. ಗುಳಿಗೆ ಮತ್ತೆ ಶುರುವಾಯಿತು. ಮೂರು ದಿನಕ್ಕೆ ಮನೆಗೆ ಬಂದಳು. ಮಾತು ಪೂರ್ತಿ ಬಂದಿದೆ, ಊರಿನ ದುರ್ದೈವ. ಬಲಗೈ ಹಿಡಿತ ಮಾತ್ರ ಕಮ್ಮಿಯಾಗಿದೆ, ಭಕ್ಕರಿ ಅಂಗೈಯಗಲಕ್ಕಿಂತ ದೊಡ್ಡದಾಗುವುದಿಲ್ಲ. ನಿನ್ನ ಸರ್ ಸಿದ್ಧರಾಮನನ್ನು ಮರಾಠಿಯಲ್ಲಿ ಗದರಿದರು, ಗುಳಿಗೆ ಯಾಕೆ ಬಿಟ್ಟಿರಿ, ನಮ್ಮ ಡಾಕ್ಟರ್ ನಿಮಗೆ ಎಲ್ಲ ಹೇಳಿದ್ದಾರಲ್ಲ ಎಂದು. ಅವನು ತಲೆ ತಗ್ಗಿಸಿದ. ನಿನ್ನ ಸುಳ್ಳಿಗೆ ಅವನು ಬೈಸಿಕೊಂಡ. ನಿನ್ನ ಕಾಗದ ನನ್ನ ಕುಬಸದೊಳಗಿತ್ತು. ತೆಗೆದು ಕೊಡಲಿಲ್ಲ. ನಿನ್ನ ಮೇಲಿನ ಮಮತೆಯಿಂದಲ್ಲ, ಆ ಭ್ರಮೆ ಬೇಡ. ಯಾರ ಕೈಯಿಂದ ಬಿತ್ತೋ ಅವರ ಬಾಯಿಂದಲೇ ಬರಬೇಕು, ಮಾವನ ಕಟ್ಟಳೆ.

ಆ ಕಟ್ಟಳೆ ನನಗೂ ತಪ್ಪಲಿಲ್ಲ. ಮನೆಗೆ ಬಂದ ಮೇಲೆ ಪೂನಮ ಕೇಳಿದ್ದು ಒಂದೇ, ಒಲೆಯ ಮುಂದೆ ಹೇಳಿದ್ದು ಲೆಕ್ಕಕ್ಕಿಲ್ಲ, ಬಾವಿಯ ಕಟ್ಟೆಯ ಮೇಲೆ ಹೇಳಿ ಎಂದು. ಗುರುವಾರ ಅಟ್ಟದಿಂದ ಗರಡಿ ಇಳಿಸಿಕೊಂಡು ಹೋದೆ. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಎಪ್ಪತ್ತನಾಲ್ಕರ ಮುದುಕಿ ಮಾನ ಕಳೆದುಕೊಳ್ಳುವುದು ದಿನಾ ನೋಡಲು ಸಿಗುತ್ತದೆಯೇ? ಏನು ಬಿತ್ತು, ಯಾರ ಕೈಯಿಂದ ಬಿತ್ತು, ಯಾರ ಹೆಸರು ಹೇಳಿದೆ, ಮೂರೂ ಹೇಳಿದೆ. ಅವರೊಳಗಿನ ಬೀರವ್ವ ಕೇಳಿಸಲಿಲ್ಲ ಎಂದಳು, ಅವಳಿಗಾಗಿ ಮತ್ತೊಮ್ಮೆ ಹೇಳಿದೆ. ಅವಳ ಕಿವಿ ಬೆಕ್ಕಿನ ಕಿವಿ. ಆಮೇಲೆ ಪೂನಮ ಹಗ್ಗ ಹಿಡಿದಳು, ನಾನು ಗರಡಿ ಆಡಿಸಿದೆ. ನಾಲ್ಕು ಸಲ ಇಳಿಸಿದೆವು. ಬಕೀಟಿನ ತುಕ್ಕು ಹಿಡಿದ ಹಿಡಿಕೆ ಬಂತು. ಕೊಡ ಬರಲಿಲ್ಲ. ಇಪ್ಪತ್ತೊಂದು ವರ್ಷದ ಹೂಳು. ಸಕ್ಕುಬಾಯಿ ಕಟ್ಟೆಯ ಮೇಲೆ ಕೂತು ಆ ಹಿಡಿಕೆಯನ್ನು ಎಡಗೈಯಲ್ಲಿ ತಿರುವಿ ತಿರುವಿ ನೋಡಿದಳು. "ಇನ್ನ ಏನರೇ ಉಳದದೇನು ಯಕ್ಕಾ, ಹೇಳೋದು?" ಎಂದು ಕೇಳಿದಳು.

ಉಳಿದಿದೆ, ಆದರೆ ಅದು ನನ್ನ ಕೈಯಿಂದ ಬಿದ್ದದ್ದಲ್ಲ ಎಂದೆ. ಅವಳು ಹೌದೇ ಎಂದು ಕಟ್ಟೆಯ ಮೇಲಿದ್ದ ನನ್ನ ಹಿತ್ತಾಳೆ ತಂಬಿಗೆ ತಗೊಂಡು ಪೂನಮಳ ಕೈಗೆ ಕೊಟ್ಟಳು. ಆ ಮಾತು ಬರುವ ತನಕ ಅಡವು. ನೀನು ದವಾಖಾನೆಯಲ್ಲಿ ಕಸಿದು ಕುಡಿದ ಅದೇ ತಂಬಿಗೆ. ನಾನೀಗ ಸ್ಟೀಲಿನ ಗ್ಲಾಸಿನಲ್ಲಿ ನೀರು ಕುಡಿಯುತ್ತಿದ್ದೇನೆ, ರುಚಿಯೇ ಇಲ್ಲ.

ಸೆಪ್ಟೆಂಬರಿನಲ್ಲಿ ನಾಳದ ಫೋಟೋ ತೆಗೆಯಲು ಮತ್ತೆ ಆ ತಂತಿ ತಲೆಗೆ ಏರಿಸುತ್ತೀರಿ. ಮತ್ತೆ ಇಂಗ್ಲಿಷಿನ ಹಾಳೆಯ ಮೇಲೆ ಸಿದ್ಧರಾಮ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ. ಈ ಸಲ ಏನು ಒಳಗಿದೆ ಎಂದು ತಿಳಿದು ಹಾಕಬೇಕು. ಆದ್ದರಿಂದ ಕೇಳು. ಇನ್ನು ನನಗೆ ಬರೆಯಬೇಡ. ಸಕ್ಕುಬಾಯಿಯ ಹೆಸರಿಗೆ ಬರಿ. ಅವಳಿಗೆ ಓದಲು ಬರುವುದಿಲ್ಲ. ಪೂನಮ ಓದುತ್ತಾಳೆ, ಅಫ್ಜಲಪುರದ ಕನ್ನಡ ಸಾಲಿಯವಳು, ಒಂದಕ್ಷರ ಬಿಡುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಓದಿಸುತ್ತೇನೆ. ಏನು ಬಿತ್ತು, ಯಾರ ಕೈಯಿಂದ ಬಿತ್ತು, ಎಷ್ಟು ಸಲ ಕುಣಿಕೆ ಇಳಿಸಿದೆ, ಕೆಳಗೆ ಏನು ಉಳಿದಿದೆ, ಗುಳಿಗೆ ಯಾತಕ್ಕೆ, ಎಲ್ಲ ಬರಿ. ತೆಗೆದವಳೂ ನೀನೇ ಎಂಬುದನ್ನೂ ಬರಿ, ಅದು ಸಣ್ಣ ಕೆಲಸವಲ್ಲ ಎಂದು ನನಗೆ ಗೊತ್ತು, ನಾನು ಗರಡಿ ಆಡಿಸಿದವಳು. ಆದರೆ ಅದನ್ನು ಮೊದಲು ಬರೆಯಬೇಡ, ಕೊನೆಗೆ ಬರಿ. ಎಲ್ಲಿಯೂ "ಚೆನ್ನಾಗಿ" ಎಂಬ ಮಾತು ಕಾಣಿಸಕೂಡದು.

ಆಮೇಲೆ ಬಾ. ಬೈಯುತ್ತಾರೆ, ಬೈಸಿಕೋ. ಪೂನಮ ಹದಿನೈದು ದಿನ ಹೊರಗೆ ಕೂತು ಉಂಡಳು, ನಿನಗೆ ಒಂದು ಮಧ್ಯಾಹ್ನವಾದರೂ ಬೇಡವೇ?

ಮುಂದಿನ ತಿಂಗಳು ಹುಟ್ಟುವುದರೊಳಗೆ ಕಾಗದ ಬರಬೇಕು. ನನಗೆ ನನ್ನ ತಂಬಿಗೆ ಬೇಕು.

ಗಂಗುಬಾಯಿ